ವಾರಸುದಾರರಿಲ್ಲದ ಗೋರಿಗಳು

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟ ಹತ್ತಿದವರಿಗೆ ಮೇಲೆ ಕಾಣಸಿಗುವುದು ಚಪ್ಪಡಿಗಳನ್ನು ನೆಟ್ಟು, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕಲ್ಲಿನ ಕೋಣೆಗಳ ಸಾಲು. ಕೆಲವು ಕೋಣೆಗಳ ಮುಂಬದಿಯ ಚಪ್ಪಡಿಯಲ್ಲಿ ದುಂಡಗಿನ ಕಂಡಿಯಿದೆ. ಊರವರ ಬಾಯಲ್ಲಿ ಇವು ಮೋರ್ಯರ ಮನೆಗಳು. ಹಿಂದೆ ಗಿಡ್ಡ ಜನರು ಇಲ್ಲಿ ವಾಸವಾಗಿದ್ದರೆಂಬುದು ಕಥೆ. ನಿಜದಲ್ಲಿ ಇವು ಎರಡು ಸಾವಿರ ವರ್ಷಗಳಿಗೂ ಹಿಂದಿನ ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳು ಮತ್ತು ಸ್ಮಾರಕಗಳು. ಸುಮಾರು 400 ರಚನೆಗಳಿರುವ ಈ ನೆಲೆ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಅದು ಉಳಿದದ್ದಕ್ಕೆ ಬೆಟ್ಟವೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಉಳುವುದಕ್ಕಾಗಲಿ ಸೈಟು ಮಾಡುವುದಕ್ಕಾಗಲಿ ಅಲ್ಲಿ ಸುಲಭವಿಲ್ಲ.

ಬಯಲಿನ ಗೋರಿಗಳ ಪಾಡು ಬೇರೆ. ಹೊಲದ ನಡುವೆ ಅರ್ಧ ಹೂತ ಗುಂಡುಕಲ್ಲುಗಳು ವೃತ್ತವಾಗಿ ನಿಂತಿರುತ್ತವೆ. ಅವುಗಳ ಕೆಳಗೆ, ಎಷ್ಟೋ ಕಡೆ, ಚಪ್ಪಡಿಗಳಿಂದ ಮಾಡಿದ ಪೆಟ್ಟಿಗೆ; ಅದರೊಳಗೆ ಮೂಳೆಗಳು, ಒಳಗೂ ಕಂಠದ ಸುತ್ತಲೂ ಕಪ್ಪಾಗಿ ಬುಡದತ್ತ ಕೆಂಪಾಗಿರುವ ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಆಯುಧಗಳು. ಎತ್ತಿನ ಬೇಸಾಯದ ಕಾಲದಲ್ಲಿ ರೈತ ಆ ಕಲ್ಲುಗಳನ್ನು ಬಿಟ್ಟು ಸುತ್ತಲೂ ಉಳುತ್ತಿದ್ದ. ಜೆಸಿಬಿ ಬಂದ ಮೇಲೆ ಅವು ಅರ್ಧ ದಿನದಲ್ಲಿ ಬದುವಿಗೆ ಸೇರುತ್ತವೆ.

ಹಾಗೆ ಸೇರಿದ ಕಲ್ಲು ಬರೀ ಕಲ್ಲು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ, ಕಲ್ಲಿನ ಕೊಡಲಿಯ ಜನರ ನಂತರ ಈ ಗೋರಿಗಳ ಜನ ಬಂದರೆಂಬ ಅನುಕ್ರಮವನ್ನು ಗುರುತಿಸಿದ್ದು ಮಣ್ಣಿನ ಪದರಗಳನ್ನು ಓದಿ. ಯಾವ ವಸ್ತು ಯಾವ ಪದರದಲ್ಲಿತ್ತು ಎಂಬುದು ಕಳೆದುಹೋಗಿದ್ದರೆ ಆ ಓದು ಸಾಧ್ಯವಿರಲಿಲ್ಲ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲೂ 1957ರಲ್ಲಿ ಇಂಥ ಗೋರಿಗಳ ಉತ್ಖನನ ನಡೆದಿತ್ತು. ಆ ತಾಲ್ಲೂಕಿನ ಹೊಲಗಳತ್ತ ಇಂದು ಬೆಂಗಳೂರು ಬೆಳೆಯುತ್ತಿದೆ.

ಕಾನೂನು ಮೊದಲು ಕಂಡದ್ದು ನೆಲದೊಳಗಿನ ನಿಧಿಯನ್ನು. 1878ರ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು; ಮಣ್ಣಿನ ಮಡಕೆಗೆ ಅಷ್ಟು ಬೆಲೆ ಯಾರು ಕಟ್ಟುತ್ತಿದ್ದರು? ಕರ್ಜನ್ ವೈಸರಾಯ್ ಆಗಿದ್ದಾಗ ಬಂದ 1904ರ ಕಾಯ್ದೆ ಸಮಾಧಿ ದಿಬ್ಬ ಮತ್ತು ಹೂಳಿದ ಜಾಗವನ್ನೂ ಪ್ರಾಚೀನ ಸ್ಮಾರಕದ ವ್ಯಾಖ್ಯೆಯೊಳಗೆ ತಂದಿತು. ಸ್ವತಂತ್ರ ಭಾರತದ 1958ರ ಕಾಯ್ದೆ ಆ ಮಾತನ್ನು ಉಳಿಸಿಕೊಂಡು, ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕೆಂದಿತು. ಆದರೆ ವ್ಯಾಖ್ಯೆಯೊಳಗೆ ಬಂದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ, ಅಧಿಸೂಚನೆ ಹೊರಡಬೇಕು. 2010ರ ತಿದ್ದುಪಡಿ ಕಟ್ಟಡ ನಿರ್ಮಾಣವನ್ನು ನಿಷೇಧಿಸಿದ 100 ಮೀಟರ್, ಅದರಾಚೆಗೆ ನಿಯಂತ್ರಿಸಿದ 200 ಮೀಟರ್, ಎರಡೂ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳ ಸುತ್ತ ಮಾತ್ರ. ಈ ನಿರ್ಬಂಧಕ್ಕೆ ಅಂಜಿ, ತನ್ನ ಹೊಲದ ಕಲ್ಲುಗಳ ಸುದ್ದಿಯನ್ನೇ ಎತ್ತದ ಭೂಮಾಲೀಕನನ್ನು ನಾನಂತೂ ಪೂರ್ತಿ ದೂರಲಾರೆ.

ಪಟ್ಟಿಗೆ ಸೇರಿದವೂ ಎಲ್ಲವೂ ಉಳಿದಿಲ್ಲ. 2013ರಲ್ಲಿ ಮಹಾಲೇಖಪಾಲರ ವರದಿ 92 ಸಂರಕ್ಷಿತ ಸ್ಮಾರಕಗಳು ಕಾಣೆಯಾಗಿವೆ ಎಂದಿತು. ಹುಡುಕಾಟದಲ್ಲಿ 42 ಸಿಕ್ಕವು. ಉಳಿದ 50ರಲ್ಲಿ 14 ನಗರ ಬೆಳೆದು ನಾಶವಾದವು, 12 ಜಲಾಶಯಗಳಲ್ಲಿ ಮುಳುಗಿದವು, 24ರ ಜಾಡೇ ಇಲ್ಲ ಎಂದು ಸಂಸ್ಕೃತಿ ಸಚಿವಾಲಯ ಸಂಸದೀಯ ಸಮಿತಿಗೆ ತಿಳಿಸಿತು.

ಮುಳುಗಡೆಯ ವಿಷಯದಲ್ಲಿ ನಮ್ಮಲ್ಲೇ ಬೇರೊಂದು ಉದಾಹರಣೆಯಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಬೇರೆಡೆಗೆ ಸಾಗಿಸಲಿಲ್ಲ. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಲಾಯಿತು. ಇಂದು ಭಕ್ತರು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ದರ್ಶನ ಮಾಡುತ್ತಾರೆ. ಅದನ್ನು ತಮ್ಮದೆನ್ನುವ ಜನರಿದ್ದರು. ಬಯಲಿನ ಶಿಲಾವೃತ್ತದ ಸತ್ತವರಿಗೆ ಮಕ್ಕಳು ಮೊಮ್ಮಕ್ಕಳೆಂದು ಬಂದು ನಿಲ್ಲುವವರು ಯಾರೂ ಇಲ್ಲ, ಪಹಣಿಯಲ್ಲಿ ಅವರ ಹೆಸರಿನ ಕಾಲಂ ಇಲ್ಲ.

ಇಂಗ್ಲೆಂಡಿನಲ್ಲಿ 1990ರ ಸರ್ಕಾರಿ ಮಾರ್ಗಸೂಚಿಯ ನಂತರ, ಪಟ್ಟಿಯಲ್ಲಿಲ್ಲದ ನೆಲೆಯಾದರೂ ನಿರ್ಮಾಣಕ್ಕೆ ಅನುಮತಿ ಕೊಡುವ ಮುನ್ನ ಪುರಾತತ್ತ್ವ ಪರಿಶೀಲನೆ ನಡೆಸುವ, ಅದರ ಖರ್ಚನ್ನು ಕಟ್ಟುವವನೇ ಹೊರುವ ಪದ್ಧತಿ ನೆಲೆಯೂರಿತು. ನಮ್ಮಲ್ಲಿ ಸಾಮಾನ್ಯ ಬಡಾವಣೆಯೊಂದರ ನಕ್ಷೆಗೆ ಮಂಜೂರಾತಿ ಪಡೆಯುವಾಗ ಯಾರೂ ಹೊಲವನ್ನು ಆ ಕಣ್ಣಿನಿಂದ ನಡೆದು ನೋಡುವುದಿಲ್ಲ. ಪಾಯ ತೋಡಿದ ಮಣ್ಣಿನ ಗುಡ್ಡೆಯಲ್ಲಿ ಕಪ್ಪು ಕೆಂಪು ಬೋಕಿಗಳು ಹೊಳೆದಾಗ ಅಲ್ಲಿ ನಿಂತಿರುವುದು ಮೇಸ್ತ್ರಿ ಮತ್ತು ಟ್ರ್ಯಾಕ್ಟರಿನವನು ಮಾತ್ರ.