ಕ್ಲೌನ್ ಫಿಶ್ ಮರಿಗಳಿಗೆ ರೋಟಿಫರ್ ಎಷ್ಟು ಬೇಕು? ಮೊದಲ ವಾರದ ಲೆಕ್ಕ

ಕ್ಲೌನ್ ಫಿಶ್ ಮನೆಯ ಟ್ಯಾಂಕಿನಲ್ಲೂ ಮೊಟ್ಟೆ ಇಡುತ್ತದೆ. ಅದು ಅಷ್ಟು ಕಷ್ಟವಲ್ಲ. ಮೊಟ್ಟೆ ಒಡೆದ ಮೇಲೆ ಮೊದಲ ವಾರ ಮರಿಗಳನ್ನು ಉಳಿಸಿಕೊಳ್ಳುವುದೇ ಕಷ್ಟ. ಬಹಳಷ್ಟು ಮರಿಗಳು ಹಸಿವಿನಿಂದಲೇ ಸಾಯುತ್ತವೆ, ಅದೂ ಟಬ್ಬಿನಲ್ಲಿ ಆಹಾರ (ರೋಟಿಫರ್ ಎಂಬ ಅತಿ ಸಣ್ಣ ಜಲಜೀವಿ) ಇರುವಾಗಲೇ. ಇದು ಹೇಗೆ ಅನ್ನೋದು ನನಗೆ ಅರ್ಥವಾಗೋಕೆ ತುಂಬ ಸಮಯ ಹಿಡಿಯಿತು. ಈಗ ಸ್ಪಷ್ಟವಾಗಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಇಲ್ಲಿರುವುದೆಲ್ಲ ಆಸೆಲಾರಿಸ್ ಜಾತಿಯ ಬಗ್ಗೆ: ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಟ್ಯಾಂಕ್ ಸೈಕಲ್ ಮಾಡುವುದು (ಕೊಳೆ ಕರಗಿಸುವ ಬ್ಯಾಕ್ಟೀರಿಯ ಮೊದಲೇ ಬೆಳೆಸಿಕೊಳ್ಳುವುದು), ಆರ್‌ಒ ನೀರಿಗೆ ಸಾಲ್ಟ್ ಮಿಕ್ಸ್ ಬೆರೆಸುವುದು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಜೋಡಿ

ಎಲ್ಲ ಮರಿಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ. ಆದರೆ ಹೆಣ್ಣು ಮತ್ತೆ ಗಂಡಾಗುವುದಿಲ್ಲ. ಹಾಗಾಗಿ ಎರಡು ದೊಡ್ಡ ಮೀನು ತಂದು ಒಟ್ಟಿಗೆ ಬಿಡಬೇಡಿ, ಎರಡೂ ಹೆಣ್ಣಾಗಿದ್ದರೆ ಸಾಯುವವರೆಗೂ ಕಾದಾಡುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು, ಎರಡೂ ಎಳೆಯವು ಇರಲಿ. ಚಿಕ್ಕದು ದೊಡ್ಡದರ ಮುಂದೆ ಮೈ ನಡುಗಿಸಿದರೆ ಸೋತೆ ಅಂತ ಒಪ್ಪಿಕೊಂಡಿದೆ ಎಂದರ್ಥ. ಆಮೇಲೆ ಮೊಟ್ಟೆಗಾಗಿ ತಿಂಗಳುಗಟ್ಟಲೆ ಕಾಯಬೇಕು.

ಸಮುದ್ರದಲ್ಲಿ ಹಿಡಿದ ಮೀನಿಗಿಂತ ಹ್ಯಾಚರಿಯಲ್ಲಿ ಹುಟ್ಟಿದ ಮೀನು ಎಷ್ಟೋ ಮೇಲು. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಫಿಶ್ ಮರಿ ಮಾಡುವ ವಿಧಾನ ರೂಪಿಸಿದ್ದಾರೆ. ಅಂಥ ಮೀನು ಟ್ಯಾಂಕಿಗೆ, ಒಣ ಆಹಾರಕ್ಕೆ ಮೊದಲೇ ಹೊಂದಿಕೊಂಡಿರುತ್ತದೆ. ಮೊಟ್ಟೆ ಇಡಲು ಅನಿಮೋನ್ (ಸಮುದ್ರದಲ್ಲಿ ಇವು ಆಶ್ರಯ ಪಡೆಯುವ ಹೂವಿನಂಥ ಪ್ರಾಣಿ) ಕೂಡ ಬೇಕಿಲ್ಲ. ಅವು ಇಷ್ಟಪಡುವ ಮೂಲೆಯಲ್ಲಿ ಒಂದು ಟೈಲ್ ಅಥವಾ ಸಣ್ಣ ಮಣ್ಣಿನ ಕುಂಡ ಇಟ್ಟರೆ ಸಾಕು.

ಮೊಟ್ಟೆಯಿಂದ ಟಬ್ಬಿಗೆ

ಮೊಟ್ಟೆ ಮೊದಲು ಕಿತ್ತಳೆ ಬಣ್ಣ. ದಿನ ಕಳೆದಂತೆ ಕಪ್ಪಾಗುತ್ತದೆ, ಕೊನೆಗೆ ಒಳಗಿನ ಕಣ್ಣು ಬೆಳ್ಳಿಯಂತೆ ಹೊಳೆಯುತ್ತದೆ. 26–28 ಡಿಗ್ರಿಯಲ್ಲಿ ಸುಮಾರು 7ರಿಂದ 10 ದಿನ. ಅಷ್ಟೂ ದಿನ ಗಂಡು ರೆಕ್ಕೆ ಬೀಸಿ ನೀರು ಆಡಿಸುತ್ತಾ, ಕೆಟ್ಟ ಮೊಟ್ಟೆ ತಿಂದು ಹಾಕುತ್ತಾ ಕಾಯುತ್ತದೆ. ಅದನ್ನು ಅದರ ಪಾಡಿಗೆ ಬಿಡಿ.

ಕಣ್ಣು ಬೆಳ್ಳಿಯಾದ ಸಂಜೆ ಟೈಲ್ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ ಟಬ್ಬಿಗೆ ಹಾಕಿ. ಗಂಡಿನ ಕೆಲಸವನ್ನು ಈಗ ಏರ್ ಸ್ಟೋನ್ ಮಾಡಬೇಕು: ಗುಳ್ಳೆಗಳು ಮೊಟ್ಟೆಯ ಪಕ್ಕದಲ್ಲಿ ಏಳಲಿ, ನೇರ ತಾಗುವುದು ಬೇಡ. ಲೈಟ್ ಆರಿಸಿ ಪೂರ್ತಿ ಕತ್ತಲಾದ ಮೇಲೆ ಒಂದೆರಡು ಗಂಟೆಯಲ್ಲಿ ಮರಿ ಹೊರಬರುತ್ತದೆ.

ರೋಟಿಫರ್ ಲೆಕ್ಕ

ಹುಟ್ಟಿದ ಮರಿ 3–4 ಮಿಲಿಮೀಟರ್ ಉದ್ದ. ಹೊಟ್ಟೆಯಲ್ಲಿ ಹಳದಿ ಚೀಲ (ಮೊಟ್ಟೆಯಿಂದಲೇ ಬಂದ ಆಹಾರದ ಸಂಗ್ರಹ) ಹೆಚ್ಚುಕಡಿಮೆ ಖಾಲಿ. ಬೆಳಗಾಗುವಷ್ಟರಲ್ಲಿ ತಿನ್ನಲು ಬೇಕು, ಅದೂ ಜೀವಂತವಾಗಿ ಚಲಿಸುವ, ಬಾಯಿಗೆ ಹಿಡಿಸುವ ಆಹಾರ. ಅದೇ ರೋಟಿಫರ್. ಒಂದು ಮಿಲಿಲೀಟರಿಗೆ ಸುಮಾರು 10 ರೋಟಿಫರ್ ಇರಲಿ ಅಂತ ಎಲ್ಲರೂ ಹೇಳುತ್ತಾರೆ.

ಮಿಲಿಲೀಟರಿಗೆ ಯಾಕೆ? ಒಂದು ಮರಿಗೆ ಇಷ್ಟು ಅಂತ ಯಾಕೆ ಹೇಳಲ್ಲ? ನಾನು ಸಿಕ್ಕಿಕೊಂಡಿದ್ದು ಇಲ್ಲೇ. ಆದ್ದರಿಂದ ನಿಧಾನವಾಗಿ ನೋಡೋಣ.

200 ಮರಿ ಇವೆ ಅಂದುಕೊಳ್ಳಿ. ಟಬ್ 20 ಲೀಟರ್, ಅಂದರೆ 20,000 ಮಿಲಿಲೀಟರ್. ಮಿಲಿಲೀಟರಿಗೆ 10 ಅಂದರೆ ಒಟ್ಟು 2 ಲಕ್ಷ ರೋಟಿಫರ್. ತಲಾ ಒಂದು ಸಾವಿರ ಬಂತು. ಈಗ ಅದೇ 200 ಮರಿ, ಅದೇ 2 ಲಕ್ಷ ರೋಟಿಫರ್‌ಗಳನ್ನು 200 ಲೀಟರ್ ಟ್ಯಾಂಕಿಗೆ ಹಾಕಿ. ಈಗಲೂ ತಲಾ ಒಂದು ಸಾವಿರವೇ. ಆದರೆ ಇಲ್ಲಿ ಮರಿಗಳು ಹಸಿದು ಸಾಯುತ್ತವೆ.

ಕಾರಣ ದೂರ. ಒಂದು ಮಿಲಿಲೀಟರ್ ಅಂದರೆ ಒಂದು ಸೆಂಟಿಮೀಟರ್ ಅಳತೆಯ ಪುಟ್ಟ ಘನ, ಅಲ್ವಾ? ಅದರಲ್ಲಿ 10 ರೋಟಿಫರ್ ಇದ್ದರೆ ಒಂದಕ್ಕೂ ಇನ್ನೊಂದಕ್ಕೂ ಸರಾಸರಿ ನಾಲ್ಕೂವರೆ ಮಿಲಿಮೀಟರ್ ಅಂತರ. ಹೆಚ್ಚುಕಡಿಮೆ ಮರಿಯ ಒಂದು ಮೈಯಳತೆ. 200 ಲೀಟರ್ ಟ್ಯಾಂಕಿನಂತೆ ಒಂದೇ ಒಂದು ಇದ್ದರೆ ಅಂತರ 10 ಮಿಲಿಮೀಟರ್, ಎರಡು ಮೈಯಳತೆಗಿಂತ ಜಾಸ್ತಿ. ಮೊದಲ ದಿನದ ಮರಿ ಬೇಟೆಯಾಡುತ್ತಾ ಅಷ್ಟು ದೂರ ಹೋಗುವುದಿಲ್ಲ. ಮೂತಿಯ ಮುಂದೆಯೇ ಬಂದದ್ದನ್ನು ಮೈ ಬಾಗಿಸಿ ಗಬಕ್ಕನೆ ಹಿಡಿಯುತ್ತದೆ. ಹಿಡಿಯಲು ಖರ್ಚಾದ ಶಕ್ತಿ ತಿಂದದ್ದರಿಂದ ಸಿಕ್ಕಿದ್ದಕ್ಕಿಂತ ಹೆಚ್ಚಾದರೆ ಮುಗಿಯಿತು. ಅದಕ್ಕೇ ನಾವು ಲೆಕ್ಕ ಹಾಕಬೇಕಾದದ್ದು ಆಹಾರದ ಒಟ್ಟು ಪ್ರಮಾಣವನ್ನಲ್ಲ, ಎಷ್ಟು ಒತ್ತಾಗಿದೆ ಅನ್ನೋದನ್ನು. ಮರಿ 50 ಇದ್ದರೂ ಮಿಲಿಲೀಟರಿಗೆ 10 ಬೇಕು, 300 ಇದ್ದರೂ 10 ಬೇಕು. ಮರಿ ಜಾಸ್ತಿ ಇದ್ದರೆ ಬೇಗ ಖಾಲಿಯಾಗುತ್ತದೆ, ಮತ್ತೆ ಮತ್ತೆ ತುಂಬಬೇಕು, ಅಷ್ಟೇ ವ್ಯತ್ಯಾಸ.

ಸಣ್ಣ ಟಬ್ ಯಾಕೆ ಅನ್ನೋದಕ್ಕೂ ಉತ್ತರ ಇದೇ. ನೀರು ಕಡಿಮೆಯಿದ್ದರೆ ಒತ್ತಾಗಿಡುವುದು ಸುಲಭ. ಆದರೆ ನೀರು ಕಡಿಮೆಯಾದಷ್ಟೂ ಅಮೋನಿಯ (ಕೊಳೆಯಿಂದ ಬರುವ ವಿಷ) ಬೇಗ ಏರುತ್ತದೆ. ಮನೆಯಲ್ಲಿ ಮಾಡುವವರಿಗೆ 20 ಲೀಟರ್ ಒಳ್ಳೆಯ ಮಧ್ಯದ ದಾರಿ ಅಂತ ನನ್ನ ಅಭಿಪ್ರಾಯ.

ದಿನದ ಲೆಕ್ಕ ಹೀಗೆ. ಟಬ್ಬಿನ ಬೇರೆ ಬೇರೆ ಕಡೆಯಿಂದ ಒಟ್ಟು 5 ಮಿಲಿಲೀಟರ್ ತೆಗೆಯಿರಿ, ಯಾಕೆಂದರೆ ರೋಟಿಫರ್ ಒಂದೇ ಮೂಲೆಯಲ್ಲಿ ಗುಂಪುಗಟ್ಟಿರಬಹುದು. ಒಂದು ಹನಿ ವಿನೆಗರ್ ಹಾಕಿದರೆ ಓಡಾಟ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ಎಣಿಸಿ 5ರಿಂದ ಭಾಗಿಸಿ. 6 ಬಂತು ಅಂದುಕೊಳ್ಳಿ. ಕೊರತೆ 4. ನಾಲ್ಕನ್ನು 20,000ದಿಂದ ಗುಣಿಸಿದರೆ 80,000. ಕಲ್ಚರ್ ಬಕೆಟ್ಟಿನಲ್ಲಿ (ರೋಟಿಫರ್ ಬೆಳೆಸುವ ಬಕೆಟ್) ಮಿಲಿಲೀಟರಿಗೆ 120 ಇದ್ದರೆ, 80,000 ಭಾಗಿಸು 120, ಸುಮಾರು 670 ಮಿಲಿಲೀಟರ್. ಅಷ್ಟನ್ನು 53 ಮೈಕ್ರಾನ್ ಜರಡಿಯಲ್ಲಿ ಸೋಸಿ, ಶುದ್ಧ ಉಪ್ಪುನೀರಲ್ಲಿ ತೊಳೆದು ಟಬ್ಬಿಗೆ ಹಾಕಿ. ಕಲ್ಚರಿನ ನೀರನ್ನು ಹಾಗೇ ಸುರಿಯಬೇಡಿ, ಅದರಲ್ಲಿ ಅಮೋನಿಯ ತುಂಬಿರುತ್ತದೆ. ಇರಲಿ ಅಂತ ಅಂದಾಜಿಗೆ ಜಾಸ್ತಿ ಹಾಕುವುದೂ ಬೇಡ, ರೋಟಿಫರ್‌ಗಳೂ ನೀರು ಕೆಡಿಸುತ್ತವೆ.

ಬಕೆಟ್ ಎಷ್ಟು ದೊಡ್ಡದಿರಬೇಕು? ಮೊದಲ ದಿನ 2 ಲಕ್ಷ ಬೇಕು. ಕಲ್ಚರ್ ಮಿಲಿಲೀಟರಿಗೆ 100 ಇದ್ದರೆ 2 ಲೀಟರ್ ತೆಗೆಯಬೇಕು. ದಿನಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದರೆ ಕಲ್ಚರ್ ಚೇತರಿಸಿಕೊಳ್ಳಲ್ಲ. ಅಂದರೆ ಕನಿಷ್ಠ 6 ಲೀಟರ್, 10 ಇದ್ದರೆ ನೆಮ್ಮದಿ. ಮೊಟ್ಟೆ ಕಂಡ ಮೇಲೆ ಕಲ್ಚರ್ ಶುರು ಮಾಡಿದರೆ ತಡವಾಗುತ್ತದೆ, ಮೊಟ್ಟೆ ಇಡುವ ಮುಂಚೆ ಜೋಡಿ ಟೈಲ್ ಉಜ್ಜೋಕೆ ಶುರು ಮಾಡುವಾಗಲೇ ಬಕೆಟ್ ಸಿದ್ಧವಿರಲಿ. ಮೊಸರಿಗೆ ಹೆಪ್ಪು ಎತ್ತಿಟ್ಟ ಹಾಗೆ ಇನ್ನೊಂದು ಬಕೆಟ್ಟಿನಲ್ಲಿ ಸ್ವಲ್ಪ ಬೇರೆ ಇಟ್ಟಿರಿ. ಒಂದೇ ರಾತ್ರಿಯಲ್ಲಿ ಪೂರ್ತಿ ಕಲ್ಚರ್ ಸತ್ತುಹೋಗುವುದುಂಟು.

ಹಸಿರು ನೀರು

ಟಬ್ಬಿಗೆ ತಿಳಿಹಸಿರಾಗುವಷ್ಟು ನ್ಯಾನೋಕ್ಲೋರಾಪ್ಸಿಸ್ ಪಾಚಿ ಹಾಕುತ್ತಾರೆ. ಮರಿ ಅದನ್ನು ತಿನ್ನುವುದಿಲ್ಲ, ರೋಟಿಫರ್ ತಿನ್ನುತ್ತದೆ. ಹಸಿದ ರೋಟಿಫರ್ ಬರೀ ಸಿಪ್ಪೆ, ಅದನ್ನು ಎಷ್ಟು ತಿಂದರೂ ಮರಿಗೆ ಪೋಷಣೆ ಸಿಗಲ್ಲ. ಇನ್ನೊಂದು ಲಾಭ, ಹಸಿರು ನೀರಲ್ಲಿ ಬೆಳಕು ಹರಡುತ್ತದೆ, ಮರಿಗಳು ಹೊಳೆಯುವ ಗೋಡೆಗೆ ಹೋಗಿ ಡಿಕ್ಕಿ ಹೊಡೆಯಲ್ಲ. ಟಬ್ಬಿನ ಸುತ್ತ ಕಪ್ಪು ಕಾಗದ ಅಂಟಿಸುವುದೂ ಅದಕ್ಕೇ. ಬೆಳಕು ಮಂದವಾಗಿರಲಿ, ಆದರೆ ಇರಲೇಬೇಕು. ಮರಿ ಕಣ್ಣಿಂದ ನೋಡಿಯೇ ಹಿಡಿಯುತ್ತದೆ.

ಆರ್ಟೀಮಿಯ, ಆಮೇಲೆ ಪಟ್ಟೆ

ಸುಮಾರು ಒಂದು ವಾರಕ್ಕೆ ಆಗಷ್ಟೇ ಒಡೆದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ರೋಟಿಫರ್ ತಕ್ಷಣ ನಿಲ್ಲಿಸಬೇಡಿ, ಒಂದಷ್ಟು ದಿನ ಎರಡೂ ಇರಲಿ. ಒಂದೇ ಟಬ್ಬಿನ ಮರಿಗಳೂ ಒಂದೇ ಸಮ ಬೆಳೆಯಲ್ಲ, ಚಿಕ್ಕವಕ್ಕೆ ಆರ್ಟೀಮಿಯ ಬಾಯಿಗೆ ಹಿಡಿಸದು. ಆರ್ಟೀಮಿಯ ಮೊಟ್ಟೆಯ ಸಿಪ್ಪೆ ಮಾತ್ರ ಚೆನ್ನಾಗಿ ಬೇರ್ಪಡಿಸಿ, ಮರಿ ಅದನ್ನು ನುಂಗಿದರೆ ಹೊಟ್ಟೆ ಕಟ್ಟುತ್ತದೆ.

8ರಿಂದ 15 ದಿನದೊಳಗೆ ತಲೆಯ ಹಿಂದಿನ ಬಿಳಿ ಪಟ್ಟೆ ಮೊದಲು ಕಾಣುತ್ತದೆ. ಮರಿ ನೀರಿನ ನಡುವೆ ತೇಲುವುದು ಬಿಟ್ಟು ತಳಕ್ಕೆ, ಗೋಡೆಗೆ ಹತ್ತಿರವಾಗುತ್ತದೆ. ಈ ಹೊತ್ತಲ್ಲಿ ಅಮೋನಿಯ ದಿನವೂ ಪರೀಕ್ಷಿಸಿ. ಏರ್ ಟ್ಯೂಬಿನಿಂದ ತಳದ ಕೊಳೆ ಎಳೆದು, ಹೊಸ ನೀರನ್ನು ಹನಿ ಹನಿಯಾಗಿ ಬಿಡಿ. ನುಣ್ಣಗೆ ಪುಡಿ ಮಾಡಿದ ಒಣ ಆಹಾರವನ್ನೂ ಈಗ ಶುರು ಮಾಡಬಹುದು.

ಅಷ್ಟರಲ್ಲಿ ಜೋಡಿ ಮತ್ತೆ ಮೊಟ್ಟೆ ಇಟ್ಟಿರುತ್ತದೆ, ಚೆನ್ನಾಗಿ ತಿನ್ನುತ್ತಿದ್ದರೆ ಎರಡು ವಾರಕ್ಕೊಮ್ಮೆ ಇಡುವುದು ಸಾಮಾನ್ಯ. ಹಾಗಾಗಿ ಮರಿಗಳು ರೋಟಿಫರ್ ಬಿಟ್ಟರೂ ಕಲ್ಚರ್ ನಿಲ್ಲಿಸಬೇಡಿ. ಸುಮ್ನೆ ಪಾಚಿ ಹಾಕುತ್ತಾ, ದಿನಾ ಒಂದಿಷ್ಟು ತೆಗೆಯುತ್ತಾ ಇಟ್ಟುಕೊಳ್ಳಿ.