ವಿ.ಆರ್. ಮುದ್ರೆ ಇದ್ದರೆ ಮಾರ್ಟಿನಿ-ಹೆನ್ರಿ ಅಸಲಿಯೇ?

ಪ್ರಶ್ನೆ: ನಾನು ಲಂಡನ್ನಿನಲ್ಲಿದ್ದೇನೆ. ಕಾಬೂಲ್‌ನಿಂದ ಬಂದ ಮಾರ್ಟಿನಿ-ಹೆನ್ರಿ ರೈಫಲ್ ಒಂದು ಮಾರಾಟಕ್ಕಿದೆ. ಬಲಬದಿಯಲ್ಲಿ ಕಿರೀಟ, ವಿ.ಆರ್., ಎನ್‌ಫೀಲ್ಡ್, 1878 ಎಂಬ ಅಚ್ಚಿದೆ. ಬ್ರಿಟಿಷ್ ಸೇನೆಯದ್ದೇ ಅಂತ ನಂಬಬಹುದಾ?

ಉತ್ತರ: ಅಷ್ಟಕ್ಕೇ ನಂಬಬೇಡಿ. ಪಾಕಿಸ್ತಾನದ ಪೇಶಾವರ ಮತ್ತು ಕೋಹಾಟ್ ನಡುವಿನ ದರ್ರಾ ಆದಂ ಖೇಲ್‌ನಂಥ ಊರುಗಳಲ್ಲಿ ಕುಶಲಕರ್ಮಿಗಳು ತಲೆಮಾರುಗಳಿಂದ ಬ್ರಿಟಿಷ್ ಬಂದೂಕುಗಳ ನಕಲು ಮಾಡುತ್ತಿದ್ದಾರೆ. ಮುದ್ರೆಯನ್ನೂ ಬಿಟ್ಟಿಲ್ಲ. ಸಂಗ್ರಹಕಾರರು ಇವಕ್ಕೆ ಖೈಬರ್ ಪಾಸ್ ನಕಲು ಅಂತಾರೆ.

ಮೊದಲು ಅಕ್ಷರ ನೋಡಿ. ಎನ್‌ಫೀಲ್ಡ್ ಅಂದರೆ ಬ್ರಿಟಿಷ್ ಸರ್ಕಾರದ ಬಂದೂಕು ಕಾರ್ಖಾನೆ. ಇಂಗ್ಲಿಷ್ ಬಾರದವರು ಹೊಡೆದ ಅಚ್ಚಿನಲ್ಲಿ ಎನ್‌ಫೀಲ್ಡ್‌ನ ‘ಎನ್’ ಎಷ್ಟೋ ಸಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಆಮೇಲೆ ಇಸವಿ. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ. ವಿ.ಆರ್. ಕೆಳಗೆ 1919 ಅಂತಿದ್ದರೆ ಮಾತು ಮುಗಿಯಿತು.

ನಿಮ್ಮ 1878 ಲೆಕ್ಕಕ್ಕೇನೋ ಕೂಡುತ್ತದೆ. ಈ ರೈಫಲ್ ಸೇನೆಗೆ ಬಂದದ್ದು 1871ರಲ್ಲಿ. 1888ರಲ್ಲಿ ಲೀ-ಮೆಟ್‌ಫರ್ಡ್ ಎಂಬ ಹೊಸ ರೈಫಲ್ ಬಂದ ಮೇಲೆ ಇದು ಹಿಂದೆ ಸರಿಯಿತು. ಆದರೆ ಸರಿಯಾದ ಇಸವಿ ಹೊಡೆಯುವುದೇನು ಕಷ್ಟ? ಅಮೆರಿಕದ ಕಾನೂನಿನಲ್ಲಿ 1898ರವರೆಗೆ ತಯಾರಾದ ಬಂದೂಕು ಪುರಾತನ ವಸ್ತು. 2001ರ ನಂತರ ಅಫ್ಘಾನಿಸ್ತಾನಕ್ಕೆ ಹೋದ ಅಮೆರಿಕದ ಸೈನಿಕರು ಅಂಥದ್ದನ್ನೇ ಕೇಳುತ್ತಿದ್ದರು. ಬಜಾರಿನವರಿಗೆ ಇದು ಗೊತ್ತಾಗದೆ ಇರುತ್ತಾ!

ಹಾಗಾಗಿ ನನಗೆ ಮುದ್ರೆಗಿಂತ ಕೆಲಸಗಾರಿಕೆಯ ಮೇಲೆ ನಂಬಿಕೆ ಜಾಸ್ತಿ. ಕಾರ್ಖಾನೆಯ ಬಂದೂಕಿನಲ್ಲಿ ಅಂಚುಗಳು ನೇರ, ಎರಡೂ ಬದಿ ಸಮ. ನಕಲಿನಲ್ಲಿ ಅರ ಉಜ್ಜಿದ ಗೀರು ಕಾಣುತ್ತದೆ, ಸ್ಕ್ರೂಗಳು ಒಂದರಂತೆ ಒಂದಿಲ್ಲ. ಮಾರುವವರು ಒಪ್ಪಿದರೆ ಬಿಚ್ಚಿಸಿ ನೋಡಿ. ಎನ್‌ಫೀಲ್ಡ್‌ನಲ್ಲಿ ಪರೀಕ್ಷಕರು ಒಳಗಿನ ಬಿಡಿಭಾಗಗಳಿಗೂ ಚಿಕ್ಕ ಕಿರೀಟ, ಅಂಕಿಯ ಮುದ್ರೆ ಹಾಕುತ್ತಿದ್ದರು. ನಕಲು ಮಾಡುವವರು ಕಣ್ಣಿಗೆ ಬೀಳದ ಜಾಗಕ್ಕೆ ಸುಮ್ನೆ ಅಷ್ಟು ಶ್ರಮ ಹಾಕುವುದು ಅಪರೂಪ. ನಳಿಗೆಯೊಳಗೆ ಟಾರ್ಚ್ ಬಿಡಿ. ಇದರ ನಳಿಗೆ ರೂಪಿಸಿದ ಅಲೆಕ್ಸಾಂಡರ್ ಹೆನ್ರಿಯ ವಿನ್ಯಾಸದಲ್ಲಿ 7 ಸುರುಳಿ ಗೆರೆಗಳಿರಬೇಕು.

ನಕಲು ಅಂತ ಗೊತ್ತಾದರೆ ಅದನ್ನು ಹಾರಿಸುವ ಯೋಚನೆ ಬಿಡಿ. ಉಕ್ಕು ಎಂಥದ್ದೋ ಏನೋ.

ಇಲ್ಲಿ ನಷ್ಟ ಬರೀ ದುಡ್ಡಿನದ್ದಲ್ಲ. ಬ್ರಿಟನ್ನಿನಲ್ಲಿ .577/450 ಮಾರ್ಟಿನಿ-ಹೆನ್ರಿ ತೋಟಾ ಬಳಕೆ ತಪ್ಪಿದವುಗಳ ಪಟ್ಟಿಯಲ್ಲಿದೆ. ಅದಕ್ಕೆ ಮಾಡಿದ ಅಸಲಿ ರೈಫಲನ್ನು ಅಲಂಕಾರಕ್ಕೆ ಇಟ್ಟುಕೊಳ್ಳಲು ಬಂದೂಕಿನ ಸರ್ಟಿಫಿಕೇಟ್ (ಪರವಾನಗಿ) ಬೇಡ. ಆದರೆ 2021ರ ನಿಯಮದ ಪ್ರಕಾರ ಬಂದೂಕು 1939ರ ಸೆಪ್ಟೆಂಬರ್ 1ಕ್ಕಿಂತ ಮೊದಲು ತಯಾರಾಗಿರಬೇಕು. ಮೊನ್ನೆ ಮೊನ್ನೆ ಮಾಡಿದ ನಕಲಿಗೆ ಈ ವಿನಾಯಿತಿ ಇಲ್ಲ. .303 ತೋಟಾಕ್ಕೆ ಬದಲಾಯಿಸಿದ ಅಸಲಿ ಮಾರ್ಟಿನಿಗೂ ಇಲ್ಲ, ಆ ತೋಟಾ ಪಟ್ಟಿಯಲ್ಲಿಲ್ಲ. ಮಾರುವವರು ಬಿಲ್ಲಿನಲ್ಲಿ ತಯಾರಿಯ ಕಾಲ ಮತ್ತು ಕ್ಯಾಲಿಬರ್ (ಯಾವ ತೋಟಾಕ್ಕೆ ಮಾಡಿದ್ದು) ಎರಡನ್ನೂ ಬರೆದುಕೊಡಲು ಹಿಂಜರಿದರೆ ವ್ಯಾಪಾರ ಬೇಡ.