ಸ್ಕೋಲಿನ್ ಯಾರಿಗೆ ಬೇಡ ಅಂತ ಮೊದಲೇ ಗೊತ್ತಾಗಬೇಕಾದರೆ

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು ಸ್ಕೋಲಿನ್ ಎಂಬ ಇಂಜೆಕ್ಷನ್ ಕೊಡುವುದುಂಟು. ಸ್ನಾಯುಗಳು ಸಡಿಲವಾಗುತ್ತವೆ, ಗಂಟಲಿಗೆ ಉಸಿರಿನ ನಳಿಗೆ ಇಳಿಸುವುದು ಸುಲಭ. ರಕ್ತದಲ್ಲಿರುವ ಒಂದು ಕಿಣ್ವ ಈ ಔಷಧಿಯನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವ ಇಲ್ಲದವರಿಗೆ? ಆಪರೇಷನ್ ಮುಗಿದರೂ ಕೈಕಾಲು ಆಡುವುದಿಲ್ಲ, ಸ್ವಂತ ಉಸಿರು ಬರುವುದಿಲ್ಲ. ಗಂಟೆಗಟ್ಟಲೆ ವೆಂಟಿಲೇಟರ್ ಮೇಲೆ ಇಟ್ಟು ಕಾಯಬೇಕು. ವೆಂಟಿಲೇಟರ್ ಇಲ್ಲದ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಹೀಗಾದರೆ ಜೀವಕ್ಕೇ ಕುತ್ತು.

ಈ ಕೊರತೆ ಆರ್ಯವೈಶ್ಯರಲ್ಲಿ ಬೇರೆಯವರಿಗಿಂತ ತುಂಬಾ ಜಾಸ್ತಿ. ಬಳ್ಳಾರಿ, ರಾಯಚೂರು, ಗಂಗಾವತಿ ಕಡೆ ಈ ಸಮುದಾಯದವರು ತಲೆಮಾರುಗಳಿಂದ ಇದ್ದಾರೆ, ಹಾಗಾಗಿ ಇದು ನಮ್ಮೂರಿನದೇ ವಿಷಯ. ಯಾರ ತಪ್ಪೂ ಇದರಲ್ಲಿಲ್ಲ. ಹಿಂದೆ ಯಾವಾಗಲೋ ಕೆಲವೇ ಪೂರ್ವಜರಿಂದ ಬೆಳೆದ ಗುಂಪು ಒಳಗೊಳಗೇ ಮದುವೆ ಮಾಡಿಕೊಳ್ಳುತ್ತಾ ಬಂದರೆ, ಜೀನಿನ ಒಂದು ಸಣ್ಣ ಬದಲಾವಣೆ ಎಷ್ಟೋ ಮನೆಗಳಿಗೆ ಹರಡುತ್ತದೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಕೇಂದ್ರದ ಮತ್ತು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿದ್ದರು. ಅವುಗಳಲ್ಲಿ 81 ಗುಂಪುಗಳಿಗೆ ಇಂಥದ್ದೇ ಚರಿತ್ರೆ ಇತ್ತು. ಅಂದರೆ ಇನ್ನೂ ಎಷ್ಟೋ ಜಾತಿಗಳಲ್ಲಿ, ನಮಗೆ ಗೊತ್ತೇ ಇಲ್ಲದ ಬೇರೆ ಬೇರೆ ಬದಲಾವಣೆಗಳು ಇರಬಹುದು, ಅಲ್ವಾ?

ಇದನ್ನೆಲ್ಲ ಹುಡುಕುವುದು ಒಂದು ಆಸ್ಪತ್ರೆಯ ಕೈಲಾಗುವ ಕೆಲಸವಲ್ಲ. ಅಪರೂಪದ ರಿಯಾಕ್ಷನ್ ಒಬ್ಬ ಡಾಕ್ಟರ ಕಣ್ಣಿಗೆ ವರ್ಷಗಳಲ್ಲಿ ಒಮ್ಮೆ ಬೀಳುತ್ತದೆ. ಹಲವು ದೇಶಗಳ ದಾಖಲೆ ಒಟ್ಟಿಗೆ ನೋಡಿದರೆ ಮಾತ್ರ ಲೆಕ್ಕ ಸಿಗುತ್ತದೆ. ಯುರೋಪಿನಲ್ಲಿ 2023ರಲ್ಲಿ ಶುರುವಾದ ಇಪಿ ಪರ್ಮೆಡ್ ಎಂಬ ಒಕ್ಕೂಟ ದುಡ್ಡು ಕೊಡುವುದು ಇಂಥ ಕೆಲಸಕ್ಕೇ. ಹಲವು ದೇಶಗಳ ತಂಡಗಳು ಸೇರಿ ಒಂದೇ ಅರ್ಜಿ ಹಾಕಬೇಕು. ಆಯ್ಕೆಯಾದರೆ ಆಯಾ ದೇಶದ ಸಂಸ್ಥೆ ತನ್ನ ತಂಡದ ಖರ್ಚು ನೋಡಿಕೊಳ್ಳುತ್ತದೆ. 2025ರಲ್ಲಿ ಅದು ಅರ್ಜಿ ಕರೆದದ್ದು, ಯಾರ ಜೀನಿಗೆ ಯಾವ ಔಷಧಿ ಹೊಂದುತ್ತದೆ ಎಂಬ ವಿಷಯಕ್ಕೇ. ಆದರೆ ಜಗತ್ತಿನಲ್ಲಿ ಈವರೆಗೆ ಓದಿದ ಜೀನ್‌ಗಳಲ್ಲಿ ಬಹುಪಾಲು ಯುರೋಪ್ ಮೂಲದವರವು. ನಮ್ಮ ಜೀನೋಮ್ ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಜೀನೋಮ್, ಅಂದರೆ ಪೂರ್ತಿ ಜೀನ್ ಮಾಹಿತಿ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಒಳ್ಳೆಯ ಆರಂಭ.

ಆದರೆ ಜೀನೋಮ್ ಒಂದೇ ಇದ್ದರೆ ಸುಮ್ನೆ ಅಕ್ಷರಗಳ ಸಾಲು. ಆ ವ್ಯಕ್ತಿಗೆ ಯಾವ ಔಷಧಿ ಕೊಟ್ಟರು, ಏನಾಯಿತು ಎನ್ನುವುದು ಪಕ್ಕದಲ್ಲೇ ಇರಬೇಕು. ಆ ಮಾಹಿತಿ ಇರುವುದು ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳ ಆಸ್ಪತ್ರೆಗಳಲ್ಲಿ. ‘ಸ್ಕೋಲಿನ್ ಆದ ಮೇಲೆ ಉಸಿರು ತಡ’ ಅಂತ ಬರೆದ ಒಂದು ಸಾಲು ಕಾಗದದ ರಿಜಿಸ್ಟರಿನಲ್ಲೇ ಉಳಿದರೆ ಯಾರಿಗೂ ಸಿಗುವುದಿಲ್ಲ. ಅದನ್ನು ಕಂಪ್ಯೂಟರಿಗೆ ಹಾಕಲು ಒಬ್ಬರು ಬೇಕು, ಅವರಿಗೆ ಸಂಬಳ ಬೇಕು. ರಕ್ತದ ಮಾದರಿ ಇಡಲು ಫ್ರೀಜರ್, ಅದಕ್ಕೆ ಕರೆಂಟ್ ಬೇಕು. ರೋಗಿಯ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಕೇಳಬೇಕು. ದೊಡ್ಡ ಯೋಜನೆಗಳ ಬಜೆಟ್‌ನಲ್ಲಿ ಈ ಖರ್ಚುಗಳಿಗೂ ಜಾಗ ಇರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಫಲಿತಾಂಶ ಬಂದ ಮೇಲೆ ರಕ್ತ ಕೊಟ್ಟವರ ಮನೆಗೂ ಒಂದು ಕಾಗದ ಹೋಗಬೇಕು: ನಿಮಗೆ ಈ ಕಿಣ್ವದ ಕೊರತೆ ಇದೆ, ಒಡಹುಟ್ಟಿದವರಿಗೂ ಇರುವ ಸಾಧ್ಯತೆ ಇದೆ, ಅವರದ್ದೂ ಪರೀಕ್ಷೆ ಮಾಡಿಸಿ, ಆಪರೇಷನ್ ಬಂದರೆ ಅರಿವಳಿಕೆ ಡಾಕ್ಟರಿಗೆ ಇದನ್ನು ತೋರಿಸಿ, ಸ್ಕೋಲಿನ್ ಬದಲು ಬೇರೆ ಔಷಧಿ ಇದೆ.